ದೋಣಿ ಟ್ರೇಲರ್‌ನಿಂದ ಇಳಿಯುತ್ತಿಲ್ಲವೇ? ತಳ್ಳುವ ಮೊದಲು ನೋಡಬೇಕಾದದ್ದು

ಕೆರೆ ದಡದಲ್ಲಿ ದೋಣಿ ಟ್ರೇಲರ್ ಮೇಲೆ ಅಲ್ಲಾಡದೆ ಕೂತರೆ ನಮ್ಮ ಕಡೆ ಅದಕ್ಕೆ ಒಂದೇ ಮದ್ದು. ದನ ಮೇಯಿಸುವವರು, ಬಟ್ಟೆ ಒಗೆಯುವವರು, ಮೀನಿಗೆ ಕಾದು ನಿಂತವರು, ಎಲ್ಲ ಸೇರಿ ಹತ್ತು ಜನ ಬಂದು ಹೆಗಲು ಕೊಡುತ್ತಾರೆ. ಪ್ರೀತಿಯಿಂದ ಬಂದವರಿಗೆ ಬೇಡ ಅನ್ನೋಕೂ ಆಗಲ್ಲ. ದೋಣಿ ಇಳಿದೇ ಇಳಿಯುತ್ತದೆ. ಆದರೆ ಅಷ್ಟು ಹೊತ್ತು ಯಾಕೆ ಇಳಿಯಲಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ದೋಣಿ ವಾಪಸ್ ಹತ್ತಿಸುವಾಗ ಅದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಅಷ್ಟೊತ್ತಿಗೆ ಆ ಹತ್ತು ಜನ ಮನೆ ಸೇರಿರುತ್ತಾರೆ.

ನಾನು ತುಮಕೂರಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ನನ್ನ ದಿನದ ಅನ್ನ. ಭಾವನ ಮೀನಿನ ಕೆಲಸಕ್ಕೆ ಅಂತ ಒಂದು ದೋಣಿ ಟ್ರೇಲರ್ ಮಾಡಿಕೊಟ್ಟೆ. ಅದು ಕೆಟ್ಟಾಗಲೆಲ್ಲ ನಾನೇ ಹೋಗಬೇಕಾಯಿತು, ಹೀಗೆ ಕಲಿತದ್ದು. ನಮ್ಮದು 14 ಅಡಿಯ ಫೈಬರ್ ದೋಣಿ, ಹಿಂದೆ ಚಿಕ್ಕ ಔಟ್‌ಬೋರ್ಡ್ ಎಂಜಿನ್. ಟ್ರೇಲರ್ ಸೇರಿ ಸುಮಾರು 500 ಕೆಜಿ. ಎಳೆಯುವುದು ಬೊಲೆರೊ, ಕೆಲವು ಸಲ ಟ್ರ್ಯಾಕ್ಟರ್. ಕೆಳಗೆ ಹೇಳಿದ್ದೆಲ್ಲ ಈ ಅಳತೆಯ ದೋಣಿಯ ಲೆಕ್ಕ.

ಯಾವ ತೊಂದರೆ ಬಂದರೂ ಮೊದಲ ಕೆಲಸ ಒಂದೇ: ನಿಲ್ಲಿಸಿ. ಗಾಡಿ ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಕಲ್ಲು ಮುಂದಿನ ಚಕ್ರಕ್ಕೆ ಕೊಡಿ, ಹಿಂದಿನದಕ್ಕಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಆ ಚಕ್ರಗಳು ನಿಂತಿರುವುದೇ ಪಾಚಿಯ ಮೇಲೆ. ಬ್ರೇಕ್ ಹಿಡಿದುಕೊಂಡೇ ಗಾಡಿ ಜಾರಿ ನೀರಿಗೆ ಹೋಗಬಹುದು. ಒಣ ನೆಲದ ಮೇಲಿರುವ ಮುಂದಿನ ಚಕ್ರಕ್ಕೆ ಕೊಟ್ಟ ಕಲ್ಲೇ ನಿಜವಾದ ಬ್ರೇಕು.

ದೋಣಿ ತೇಲುತ್ತಿಲ್ಲ

ಮೊದಲು ನಾಚಿಕೆ ಪಡುವಂಥ ಕಾರಣಗಳನ್ನು ನೋಡಿಬಿಡಿ. ಹಿಂಭಾಗವನ್ನು ಟ್ರೇಲರ್‌ಗೆ ಕಟ್ಟಿದ ಬೆಲ್ಟ್ ಬಿಚ್ಚಿದ್ದೀರಾ? ನಮ್ಮ ಕಡೆಯಲ್ಲಿ ಹತ್ತು ಜನ ತಳ್ಳಿ ತಳ್ಳಿ ಸುಸ್ತಾದ ಒಂದು ದೋಣಿಗೆ ಆ ಬೆಲ್ಟ್ ಹಾಗೇ ಇತ್ತು. ಯಾರ ದೋಣಿ ಅಂತ ಕೇಳಬೇಡಿ, ಭಾವ ಇದನ್ನು ಓದುತ್ತಾರೆ.

ಬೆಲ್ಟ್ ಬಿಚ್ಚಿದ್ದೂ ಇಳಿಯದಿದ್ದರೆ ಹಲಗೆ ನೋಡಿ. ದೋಣಿಯ ಹೊಟ್ಟೆ ಕೂರುವ ಎರಡು ಉದ್ದ ಹಲಗೆಗಳಿಗೆ ಕಾರ್ಪೆಟ್ ಸುತ್ತಿರುತ್ತದೆ. ಒಣಗಿದ ಕಾರ್ಪೆಟ್ ದೋಣಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡು ನಿಮಿಷ ನೀರಲ್ಲಿ ನೆನೆಯಲು ಬಿಟ್ಟರೆ ಸಲೀಸು. ಹಲಗೆಯ ಬದಲು ರೋಲರ್ ಇರುವ ಟ್ರೇಲರ್ ಆದರೆ ಕಥೆ ಪೂರ್ತಿ ಉಲ್ಟಾ. ಅದರ ಮೇಲಿನ ದೋಣಿ ಜಾರಲು ಸುಮ್ನೆ ಕಾದು ಕೂತಿರುತ್ತದೆ. ನೀರು ಮುಟ್ಟುವ ಮೊದಲೇ ಮುಂದಿನ ವಿಂಚಿನ (ಬೆಲ್ಟ್ ಸುತ್ತಿ ದೋಣಿ ಎಳೆಯುವ ರಾಟೆ) ಕೊಕ್ಕೆ ತೆಗೆದರೆ ದೋಣಿ ಕಾಂಕ್ರೀಟ್ ಮೇಲೆ ಕೂರುತ್ತದೆ.

ಇದ್ಯಾವುದೂ ಅಲ್ಲ ಅಂದರೆ ಕಾರಣ ನೆಲದ್ದು. ನಮ್ಮ ಜಿಲ್ಲೆಗಳಲ್ಲಿ ದೋಣಿಗೆ ಅಂತಲೇ ಕಟ್ಟಿದ ರ‍್ಯಾಂಪ್ ಎಲ್ಲಿದೆ ಹೇಳಿ? ನಮಗೆ ಸಿಗುವುದು ಮೂರು ದಾರಿ. ಗಣಪತಿ ಬಿಡಲು ಮಾಡಿದ ಕಾಂಕ್ರೀಟ್ ಇಳಿಜಾರು, ಹೂಳೆತ್ತಲು ಟ್ರ್ಯಾಕ್ಟರ್ ಇಳಿದ ದಾರಿ, ಎಮ್ಮೆ ಇಳಿಯುವ ದಾರಿ. ಕೆರೆ ಅಂದರೆ ತಟ್ಟೆ ಇದ್ದ ಹಾಗೆ. ಏರಿಯ ಕಡೆ ಆಳ, ಅಂಗಳದ ಕಡೆ ಮೆಲ್ಲನೆ ಇಳಿಜಾರು. ದೋಣಿ ಇಳಿಸಲು ಜಾಗ ಸಿಗುವುದು ಹೆಚ್ಚಾಗಿ ಅಂಗಳದ ಕಡೆಯೇ.

ದೋಣಿಗೆ ಹೇಳಿ ಮಾಡಿಸಿದ ಇಳಿಜಾರು ಅಂದರೆ 8 ಅಡಿ ಮುಂದೆ ಹೋದರೆ 1 ಅಡಿ ತಗ್ಗು. ಅಳೆಯೋದು ಸುಲಭ. 8 ಅಡಿಯ ಸ್ಕ್ವೇರ್ ಪೈಪಿನ ಒಂದು ತುದಿಯನ್ನು ನೆಲಕ್ಕೆ ಇಡಿ. ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು ಪೈಪನ್ನು ಮಟ್ಟ ಮಾಡಿ. ಇನ್ನೊಂದು ತುದಿಯಿಂದ ನೆಲಕ್ಕೆ ಟೇಪ್ ಹಿಡಿಯಿರಿ. 12 ಇಂಚು ಬಂದರೆ ರಾಜ. 5 ಇಂಚು ಬಂದರೆ 20ಕ್ಕೆ 1 ಅಂತ ಅರ್ಥ. ನಮ್ಮ ಅಂಗಳದ ಕಡೆ ನಾನು ಅಳೆದಾಗಲೆಲ್ಲ ಸಿಕ್ಕಿದ್ದು ಹೆಚ್ಚು ಕಡಿಮೆ ಇದೇ.

ಈಗ ಲೆಕ್ಕ ನೋಡಿ. ನಮ್ಮ ದೋಣಿ ತೇಲಲು ಟ್ರೇಲರ್ ಅಚ್ಚಿನ ಹತ್ತಿರ ಸುಮಾರು 28 ಇಂಚು ನೀರು ಬೇಕು. 8ಕ್ಕೆ 1ರ ಇಳಿಜಾರಿನಲ್ಲಿ ಅಚ್ಚು ನೀರಂಚಿನಿಂದ 19 ಅಡಿ ಒಳಗೆ ಹೋದರೆ ಸಾಕು. ಬೊಲೆರೊದ ಹಿಂದಿನ ಚಕ್ರ ಅಚ್ಚಿಗಿಂತ 16 ಅಡಿ ಮುಂದಿದೆ. ಅಲ್ಲಿಗೆ ಚಕ್ರದ ಬುಡದಲ್ಲಿ ನಾಲ್ಕು ಇಂಚು ನೀರು, ಅಷ್ಟೇ. ಅದೇ 20ಕ್ಕೆ 1 ಆದರೆ ಅಚ್ಚು 47 ಅಡಿ ಒಳಗೆ ಹೋಗಬೇಕು. ಬೊಲೆರೊ ಚಕ್ರದ ಹತ್ತಿರ ಹದಿನೆಂಟು ಇಂಚು ನೀರು. ಹಿಂದಿನ ಚಕ್ರದ ನಡುವಿನ ಹಬ್ಬೂ ಮುಳುಗಿತು, ಸೈಲೆನ್ಸರೂ ಮುಳುಗಿತು. ಜನ ಅಲ್ಲಿಯವರೆಗೆ ಹೋಗಲು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಆಮೇಲೆ ದೋಣಿ ಇಳಿಯುತ್ತಿಲ್ಲ ಅಂತ ತಳ್ಳುತ್ತಾರೆ. ದೋಣಿಯ ತಪ್ಪು ಏನೂ ಇಲ್ಲ.

ಪರಿಹಾರ: ಗಾಡಿ ದಡದಲ್ಲೇ ಇರಲಿ. ಟ್ರೇಲರ್‌ನ ಮುಂತುದಿಯಲ್ಲಿರುವ ಚಿಕ್ಕ ಮೂತಿ ಚಕ್ರ ಇಳಿಸಿ. ಗಟ್ಟಿಯಾದ 40 ಅಡಿ ಹಗ್ಗದ ಒಂದು ತುದಿ ಟ್ರೇಲರ್‌ಗೆ, ಇನ್ನೊಂದು ತುದಿ ಗಾಡಿಗೆ ಕಟ್ಟಿ. ಆಮೇಲೆ ಗಾಡಿಯ ಕೊಕ್ಕೆ ಬಿಚ್ಚಿ ಟ್ರೇಲರ್ ಒಂದನ್ನೇ ನೀರಿಗೆ ಬಿಡಿ. ಇಷ್ಟು ಮೆಲ್ಲನೆಯ ಇಳಿಜಾರಿನಲ್ಲಿ ಅದು ತಾನಾಗಿ ಉರುಳುವುದಿಲ್ಲ. ಆ ಹತ್ತು ಜನ ಬೇಕಾಗುವುದು ಈಗ. ಎಲ್ಲರೂ ಪಕ್ಕದಿಂದ ತಳ್ಳಲಿ. ಹಗ್ಗದ ನೇರಕ್ಕಾಗಲಿ, ಟ್ರೇಲರ್‌ನ ಹಿಂದಾಗಲಿ ಯಾರೂ ಬೇಡ. ಕೆಳಗೆ ಬರೀ ಗೋಡು ಮಣ್ಣಿದ್ದರೆ ಇದನ್ನೂ ಮಾಡಬೇಡಿ. ಮೂತಿ ಚಕ್ರ ಹೂತು ಹೋದರೆ ಟ್ರೇಲರ್ ಅಲ್ಲೇ ಬೇರು ಬಿಡುತ್ತದೆ.

ಹರಿಗೋಲಿನವರು ಇದನ್ನೆಲ್ಲ ನೋಡಿ ನಗುತ್ತಾರೆ. ತಲೆ ಮೇಲೆ ಕವುಚಿಕೊಂಡು ಬಂದು, ನೀರಿಗಿಟ್ಟು, ಹುಟ್ಟು ಹಾಕಿಕೊಂಡು ಹೋಗೇಬಿಡುತ್ತಾರೆ. ನಾವಿನ್ನೂ ರಸಮಟ್ಟ ಹುಡುಕುತ್ತಿರುತ್ತೇವೆ.

ಟ್ರೇಲರ್ ದಡಕ್ಕನೆ ಕುಸಿದು ನಿಂತಿತು

ಕಾಂಕ್ರೀಟ್ ಮುಗಿದಿದೆ, ಅಷ್ಟೇ. ಬೇಸಿಗೆಗೆ ನೀರು ಇಳಿದಂತೆ ನಾವೂ ಕೆಳಗೆ ಹೋಗುತ್ತೇವೆ, ಇಳಿಜಾರಿನ ಕೊನೆಯಲ್ಲಿ ಮೆಟ್ಟಿಲಿನಂಥ ಒಂದು ಪಳ್ಳ ಕಾದಿರುತ್ತದೆ. ಎಂಜಿನ್ ಜೋರಾಗಿ ಓಡಿಸಿ ದೋಣಿಯನ್ನು ಟ್ರೇಲರ್ ಮೇಲೆ ಹತ್ತಿಸುವ ಅಭ್ಯಾಸವಿದ್ದ ಕಡೆ ಈ ಪಳ್ಳ ಇನ್ನೂ ಆಳ. ಎಂಜಿನ್ ರೆಕ್ಕೆಯ ನೀರು ಅಲ್ಲಿನ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿರುತ್ತದೆ.

ಇಂಥ ಹೊತ್ತಲ್ಲಿ ಗಾಡಿ ರೇಸ್ ಮಾಡಿ ಎಳೆಯಬೇಡಿ. ಅಚ್ಚು ಕಾಂಕ್ರೀಟ್ ಅಂಚಿಗೆ ತಗುಲಿರುತ್ತದೆ. ಎಳೆದರೆ ಸ್ಪ್ರಿಂಗ್ ಪಟ್ಟಿ ಹಿಡಿದ ಯು ಬೋಲ್ಟ್ ಬಾಗುತ್ತದೆ. ಮೊದಲು ದೋಣಿ ತೇಲಿಸಿ ಭಾರ ಕಳೆಯಿರಿ. ಖಾಲಿ ಟ್ರೇಲರನ್ನು ಇನ್ನೊಂದಡಿ ಹಿಂದಕ್ಕೆ ಬಿಡಿ. ಅಂಚಿಗೆ ದಪ್ಪ ಹಲಗೆ ಕೊಟ್ಟು, ಚಕ್ರ ಅದರ ಮೇಲೆ ಹತ್ತುವಂತೆ ನಿಧಾನ ಎಳೆಯಿರಿ. ಮುಂದಿನ ಸಲ ಟ್ರೇಲರ್ ಇಳಿಸುವ ಮೊದಲು ಬಿದಿರು ಗಳ ಹಿಡಿದು ನೆಲ ತಡಕಿ ಬನ್ನಿ. ಕಾಂಕ್ರೀಟ್ ಮುಗಿಯುವ ನೇರಕ್ಕೆ ದಡದಲ್ಲಿ ಒಂದು ಕಲ್ಲು ಗುರುತಿಡಿ.

ಗಣಪತಿ ಹಬ್ಬ ಆದ ಮೇಲಿನ ಒಂದು ತಿಂಗಳು ಗಳದ ಜೊತೆ ಪೊರಕೆಯೂ ಬೇಕು. ಮಂಟಪದ ಮೊಳೆ, ಕಟ್ಟು ತಂತಿ, ಸೀಳಿದ ಬಿದಿರು ನೀರಡಿ ಬಿದ್ದಿರುತ್ತವೆ. ನಮ್ಮ ಟ್ರೇಲರ್‌ಗೆ ಒಮ್ಮೆ ಎರಡೂ ಚಕ್ರ ಒಂದೇ ಬೆಳಗ್ಗೆ ಪಂಕ್ಚರ್. ಒಂದರಲ್ಲಿ ಎರಡಿಂಚಿನ ಮೊಳೆ ಇತ್ತು. ಇನ್ನೊಂದರಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಪಿನ್ನು.

ಗಾಡಿಯ ಚಕ್ರ ಸುತ್ತುತ್ತದೆ, ಮುಂದೆ ಬರುತ್ತಿಲ್ಲ

ಕೋಲಾರದ ಕಡೆಯ ಗೆಳೆಯರು ಇದನ್ನೇ ಜಾಸ್ತಿ ಕೇಳುತ್ತಾರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಆ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತು. ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆಗಳಲ್ಲಿ ಈಗ ನೀರು ನಿಂತಿರುತ್ತದೆ. ಒಳ್ಳೆಯದೇ. ಆದರೆ ಕೆರೆ ಒಣಗಿದರೆ ಇಳಿಜಾರಿನ ಪಾಚಿಯೂ ಬಿಸಿಲಿಗೆ ಸುಟ್ಟು ಉದುರುತ್ತದೆ. ನೀರು ನಿಂತೇ ಇದ್ದರೆ ಪಾಚಿಗೆ ವರ್ಷಪೂರ್ತಿ ಹಬ್ಬ.

ಚಕ್ರ ಸುತ್ತಿದ ತಕ್ಷಣ ಆಕ್ಸಿಲರೇಟರ್ ಬಿಡಿ. ಸುತ್ತಿದಷ್ಟೂ ಟಯರ್ ಪಾಚಿಯನ್ನು ಅರೆದು ಲೋಳೆ ಮಾಡುತ್ತದೆ. ನೆನೆಸಿದ ಗೋಣಿಚೀಲಗಳನ್ನು ಹಿಂದಿನ ಚಕ್ರದ ಮುಂದೆ ತುರುಕಿ, ಎರಡನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಬೊಲೆರೊದಂಥ ಹಿಂದಿನ ಚಕ್ರ ಎಳೆಯುವ ಗಾಡಿಗೆ ಹಿಂದೆ ಇಬ್ಬರು ಕೂತರೆ ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಾಗೆ ಮಾಡಿದರೆ ಕೆಲಸ ಕೆಡುತ್ತದೆ, ಮೂತಿ ಇನ್ನಷ್ಟು ಹಗುರಾಗುತ್ತದೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಅದೇ ನೀರಿನಲ್ಲಿ ಮೀನಿದೆ, ದನ ಕುಡಿಯುತ್ತದೆ. ಗಟ್ಟಿ ಪೊರಕೆ, ಎರಡು ಬಾಂಡ್ಲಿ ಮರಳು ಸಾಕು.

ಹಬ್ ಕಾಯುತ್ತದೆ, ಚಕ್ರ ಕಿರುಗುಟ್ಟುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀರಿನ ಹತ್ತಿರ ಏನೂ ಗೊತ್ತಾಗುವುದಿಲ್ಲ, ದಾರಿ ಮಧ್ಯೆ ಕೈ ಕೊಡುತ್ತದೆ.

ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಎಡೆಯೂರು ಕಡೆ, ಆಮೇಲೆ ಮಾರ್ಕೋನಹಳ್ಳಿ ಹಿನ್ನೀರು. 50 ಕಿಲೋಮೀಟರ್‌ಗಿಂತ ಜಾಸ್ತಿ ದಾರಿ. ಮೊದಲ ಕೆಲವು ಸಲ ನಾವು ತಲುಪಿದ ಕೂಡಲೇ ಟ್ರೇಲರ್ ನೀರಿಗೆ ಬಿಡುತ್ತಿದ್ದೆವು. ಬಿಸಿಲೇರುವ ಮೊದಲು ಬಲೆ ಬಿಡಬೇಕು ಅನ್ನೋ ಅವಸರ. ಒಂದು ಸಂಜೆ ವಾಪಸ್ ಬರುವಾಗ ಎಡೆಯೂರು ದಾಟಿದ ಮೇಲೆ ಎಡಗಡೆ ಚಕ್ರದಿಂದ ಕೀಚಲು ಸದ್ದು. ಇಳಿದು ಕೈ ಹತ್ತಿರ ಹಿಡಿದರೆ ಸಾರಿನ ಪಾತ್ರೆಯ ಹಾಗೆ ಝಳ. ಭಾವ ಬಾಟಲಿಯಿಂದ ನಾಲ್ಕು ಹನಿ ನೀರು ಚೆಲ್ಲಿದರು. ಚುರ್ ಅಂದಿತು. "ಮುಟ್ಟಬೇಡ ಕಣೋ, ದೋಸೆ ಹುಯ್ಯಬಹುದು" ಅಂದರು.

ರಾತ್ರಿ ಅಂಗಡಿಯಲ್ಲಿ ಹಬ್ಬಿನ ಮುಚ್ಚಳ ತೆಗೆದೆ. ಗ್ರೀಸ್ ಇರಬೇಕಾದ ಕಡೆ ಹಾಲು ಜಾಸ್ತಿಯಾದ ಟೀ ಬಣ್ಣದ ಒಂದು ಲೋಳೆ. ಒರೆಸಿ ನೋಡಿದರೆ ಬೇರಿಂಗ್ ರೋಲರ್‌ಗಳ ಮೇಲೆ ರಾಗಿ ಕಾಳಿನಷ್ಟು ಕಂದು ಚುಕ್ಕೆಗಳು. ಉಗುರು ಆಡಿಸಿದರೆ ತಡೆಯುತ್ತಿದ್ದವು. ಆ ಬೇರಿಂಗ್ ಮುಗಿದಿತ್ತು.

ಆದದ್ದು ಇಷ್ಟು. ದೂರ ಓಡಿದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣೀರಿಗೆ ಇಳಿಸಿದರೆ ಗಾಳಿ ಒಮ್ಮೆಗೇ ಕುಗ್ಗುತ್ತದೆ. ಒಳಗೆ ಖಾಲಿಯಾದ ಜಾಗ ಹೊರಗಿನದನ್ನು ಹೀರುತ್ತದೆ. ಆಯಿಲ್ ಸೀಲಿನ ಅಂಚು ಸ್ವಲ್ಪ ಸವೆದಿದ್ದರೂ ಸಾಕು, ಕೆರೆ ನೀರು ಒಳಗೆ. ಅವತ್ತು ಏನೂ ಆಗುವುದಿಲ್ಲ. ಟ್ರೇಲರ್ ನಾಲ್ಕು ವಾರ ಸುಮ್ಮನೆ ನಿಂತಾಗ ತುಕ್ಕು ತನ್ನ ಕೆಲಸ ಮಾಡಿಕೊಳ್ಳುತ್ತದೆ.

ಪತ್ತೆ ಮಾಡೋದು ಹೀಗೆ. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ. ಅಂಗೈ ಬೇಡ, ಕೈಯ ಹಿಂಬದಿಯನ್ನು ಎರಡೂ ಹಬ್ಬಿನ ಹತ್ತಿರ ಹಿಡಿದು ಹೋಲಿಸಿ. ಎರಡೂ ಬೆಚ್ಚಗಿದ್ದರೆ ಚಿಂತೆ ಇಲ್ಲ. ಒಂದು ಬೆಚ್ಚಗೆ, ಒಂದು ಸುಡುತ್ತಿದೆ ಅಂದರೆ ಸುಡುವುದರಲ್ಲಿ ದೋಷ. ಮನೆಯಲ್ಲಿ ಜಾಕ್ ಕೊಟ್ಟು ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ. ಗರಗರ ಅಂದರೆ ರೋಲರ್ ಹಾಳು. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ನಟ್ಟು ಸಡಿಲ, ಇಲ್ಲವೇ ಬೇರಿಂಗ್ ಸವೆದಿದೆ.

ಹೊಸ ಬೇರಿಂಗ್ ಹಾಕುವಾಗ ಆಯಿಲ್ ಸೀಲೂ ಹೊಸದೇ ಇರಲಿ, ಅದರಲ್ಲಿ ಉಳಿಸೋದು ಏನೂ ಇಲ್ಲ. ಸೀಲ್ ಕೂರುವ ಅಚ್ಚಿನ ಜಾಗದಲ್ಲಿ ತುಕ್ಕಿನ ಗುಳಿ ಇದೆಯಾ ನೋಡಿ. ಇದ್ದರೆ ಹೊಸ ಸೀಲೂ ನೀರು ತಡೆಯುವುದಿಲ್ಲ. ನೀರಿಗೆ ಕರಗದ ಗ್ರೀಸ್ ಕೇಳಿ ತನ್ನಿ. ಹಳೆಯದನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಪೂರ್ತಿ ತೊಳೆದು, ಒಣಗಿಸಿ, ಆಮೇಲೆ ತುಂಬಿ. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ಒಮ್ಮೆ ಸಡಿಲಿಸಿ, ಮತ್ತೆ ಬರೀ ಬೆರಳಲ್ಲಿ ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಸೇರದಿದ್ದರೆ ಸಡಿಲದ ಕಡೆಗೆ ತಿರುಗಿಸಿ ಸೇರಿಸಿ. ಟ್ರಾಲಿ ಮಾಡುವ ನಮ್ಮಂಥವರಿಗೆ ಎಲ್ಲವನ್ನೂ ಜಗ್ಗಿ ಬಿಗಿ ಮಾಡುವ ಚಟ. ಇಲ್ಲಿ ಆ ಚಟವೇ ಬೇರಿಂಗ್ ಸುಡುತ್ತದೆ.

ಈಗ ನಾವು ಹಿನ್ನೀರು ತಲುಪಿದ ಮೇಲೆ 20 ನಿಮಿಷ ಟ್ರೇಲರ್ ಮುಟ್ಟುವುದಿಲ್ಲ. ಬಲೆ ಬಿಡಿಸಿ ಜೋಡಿಸುತ್ತೇವೆ, ಫ್ಲಾಸ್ಕಿನ ಕಾಫಿ ಕುಡಿಯುತ್ತೇವೆ. ಭಾವನಿಗೆ ಇನ್ನೂ ಅವಸರವೇ. ಹಬ್ ಮುಟ್ಟಿ ತೋರಿಸಿದರೆ ಸುಮ್ಮನಾಗುತ್ತಾರೆ.

ಮಾರ್ಕೋನಹಳ್ಳಿ ಅಂದ ಮೇಲೆ ಇನ್ನೊಂದು ಮಾತು. ಶಿಂಷಾ ನದಿಗೆ ಅಡ್ಡ ಕಟ್ಟಿದ ಆ ಜಲಾಶಯದಲ್ಲಿ ನೀರು ಮಟ್ಟ ಮುಟ್ಟಿದರೆ ತಾನಾಗಿ ಹರಿಯುವ ಸೈಫನ್‌ಗಳಿವೆ. ಯಾರೂ ಗೇಟು ಎತ್ತಬೇಕಾಗಿಲ್ಲ, ಆದ್ದರಿಂದ ಯಾರೋ ಬಂದು ಎಚ್ಚರಿಸುತ್ತಾರೆ ಅಂತ ಕಾಯಬೇಡಿ. ಮಳೆಗಾಲದಲ್ಲಿ ತುಂಬಿದ ನೀರು ಕಂಡರೆ ದೋಣಿ ಇಳಿಸದೆ ವಾಪಸ್ ಬನ್ನಿ. ಬೇರೆ ಕೆರೆಗಳಲ್ಲಿ ಕೋಡಿ ಬಿದ್ದಾಗಲೂ ಅಷ್ಟೇ. ಕೆರೆ ಯಾರ ಉಸ್ತುವಾರಿಯಲ್ಲಿದೆಯೋ ಅವರ ಒಪ್ಪಿಗೆ, ಮೈಮೇಲೆ ಲೈಫ್ ಜಾಕೆಟ್, ಇವೆರಡೂ ಇಲ್ಲದೆ ಇಳಿಯಬೇಡಿ.

ಲೈಟ್

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆಯೇ? ಬಲ್ಬ್ ಬದಲಿಸಬೇಡಿ, ಅರ್ಥಿಂಗ್ ಹೋಗಿದೆ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದ ವೈರ್ ತಂದು ಟ್ರೇಲರ್ ಲೈಟಿನ ಅರ್ಥಿಂಗ್ ವೈರಿಗೆ ಮುಟ್ಟಿಸಿ. ಸರಿಯಾಗಿ ಉರಿದರೆ ಖಾತ್ರಿ. ಸ್ಕ್ರೂ ಹಾಕಿದ ಜಾಗದ ಪೇಂಟು, ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ. ಲೈಟ್ ಪದೇ ಪದೇ ಸುಟ್ಟು ಹೋಗುತ್ತಿದ್ದರೆ ಹೆಚ್ಚಾಗಿ ಕಾರಣ ಒಂದೇ, ನೀರಿಗೆ ಇಳಿಸುವ ಮೊದಲು ಟ್ರೇಲರ್ ಲೈಟಿನ ಪ್ಲಗ್ ಕೀಳುತ್ತಿಲ್ಲ. ಬಿಸಿ ಬಲ್ಬಿಗೆ ತಣ್ಣೀರು ತಾಗಿದರೆ ಗಾಜು ಉಳಿಯುತ್ತದಾ?

ವಾಪಸ್ ಹತ್ತಿಸುವಾಗ ದೋಣಿ ಸೊಟ್ಟ ಕೂರುತ್ತದೆ

ಇಳಿಸುವಾಗ ಟ್ರೇಲರ್ ಆಳಕ್ಕೆ ಹೋಗಲಿಲ್ಲ ಅನ್ನೋದು ಗೋಳು. ಹತ್ತಿಸುವಾಗ ಜನ ಅದನ್ನೇ ನೆನಪಿಟ್ಟುಕೊಂಡು ಜಾಸ್ತಿ ಆಳಕ್ಕೆ ಬಿಡುತ್ತಾರೆ. ಆಗ ದೋಣಿಯ ಹಿಂಭಾಗ ಹಲಗೆಯ ಮೇಲೆ ಕೂರದೆ ತೇಲಾಡುತ್ತದೆ, ಗಾಳಿ ಬಂದ ಕಡೆ ತಿರುಗುತ್ತದೆ. ಮೇಲೆ ಎಳೆದಾಗ ಅಡ್ಡಾದಿಡ್ಡಿ ಕೂರುತ್ತದೆ. ಜನ ಮತ್ತೆ ತಳ್ಳುತ್ತಾರೆ. ಬೇಡ. ಟ್ರೇಲರ್ ಪೂರ್ತಿ ಒಳಗೆ ಬಿಟ್ಟು ಹಲಗೆ ನೆನೆಸಿ. ಆಮೇಲೆ ಹಲಗೆಯ ಮುಂದಿನ ಮೂರನೇ ಒಂದು ಭಾಗ ನೀರಿಂದ ಹೊರಗೆ ಕಾಣುವಷ್ಟು ಮುಂದೆ ಎಳೆಯಿರಿ. ಈಗ ದೋಣಿ ತನ್ನಷ್ಟಕ್ಕೆ ನೇರ ಬರುತ್ತದೆ. ನಾನು ಟ್ರೇಲರ್‌ನ ಎರಡೂ ಹಿಂದಿನ ಮೂಲೆಗೆ ನಾಲ್ಕಡಿ ಪೈಪ್ ನಿಲ್ಲಿಸಿ, ಬಿಳಿ ಪಿವಿಸಿ ತೊಡಿಸಿದ್ದೇನೆ. ನೀರೊಳಗೆ ಟ್ರೇಲರ್ ಎಲ್ಲಿದೆ ಅಂತ ದೋಣಿಯಿಂದಲೇ ಕಾಣುತ್ತದೆ.

ನೀರಲ್ಲಿದ್ದಾಗ ಮೂತಿ ವಿಂಚ್ ಕಂಬಕ್ಕೆ ಅಂಟಿತ್ತು, ಮೇಲೆ ಬಂದ ಮೇಲೆ ನಾಲ್ಕು ಬೆರಳು ಸಂದು ಬಿಟ್ಟಿದೆ. ಇದೂ ಆಳದ ತಪ್ಪೇ. ತೇಲುವಾಗ ಎತ್ತರದಲ್ಲಿದ್ದ ಮೂತಿ, ದೋಣಿ ಹಲಗೆಗೆ ಇಳಿದಾಗ ಹಿಂದಕ್ಕೆ ಸರಿದಿದೆ. ವಿಂಚ್ ಸುತ್ತಿ ಸಂದು ಮುಚ್ಚಲು ಹೋಗಬೇಡಿ. ಆ ಭಾರಕ್ಕೆ ಬೆಲ್ಟ್ ಹರಿಯುತ್ತದೆ, ಇಲ್ಲವೇ ಹಲ್ಲು ಹಿಡಿಯುವ ನಾಲಿಗೆ ಜಾರಿ ಹಿಡಿಕೆ ಗಿರ್ರನೆ ತಿರುಗಿ ಮುಂಗೈಗೆ ಬಡಿಯುತ್ತದೆ. ಮತ್ತೆ ನೀರಿಗೆ ಬಿಟ್ಟು, ಟ್ರೇಲರನ್ನು ಮೊದಲಿಗಿಂತ ಎರಡಡಿ ದಡದ ಕಡೆಗೆ ನಿಲ್ಲಿಸಿ ಹತ್ತಿಸಿ.

ನಾಲ್ಕು ಬೆರಳು ತಾನೆ ಅಂತ ಹಾಗೇ ಹೊರಟರೆ ಅದರ ಫಲ ಹೈವೇಯಲ್ಲಿ. ದೋಣಿ ಹಿಂದೆ ಸರಿದಷ್ಟೂ ಗಾಡಿಯ ಕೊಕ್ಕೆಯ ಮೇಲಿನ ಭಾರ ಕಡಿಮೆ. ನಮ್ಮ 500 ಕೆಜಿಗೆ ಕೊಕ್ಕೆ ಮೇಲೆ 35ರಿಂದ 50 ಕೆಜಿ ಇರಬೇಕು. ಆಸ್ಪತ್ರೆಯಲ್ಲಿ ಇರುವಂಥ ನಿಂತು ತೂಗುವ ಮಷಿನ್ ಮೇಲೆ ಟ್ರೇಲರ್ ಮೂತಿ ಇಟ್ಟರೆ ಗೊತ್ತಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ 50 ಕಿಲೋಮೀಟರ್ ವೇಗಕ್ಕೇ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡಬಹುದು. ಟ್ರ್ಯಾಕ್ಟರ್‌ಗೆ ಕಟ್ಟಿದಾಗ ಇನ್ನೊಂದು ಮೋಸ ಇದೆ. ಅದರ ಕೊಕ್ಕೆ ಎತ್ತರವಾಗಿದ್ದರೆ ಟ್ರೇಲರ್ ಮೂತಿ ಮೇಲಾಗಿ ಭಾರ ಹಿಂದಕ್ಕೆ ಹೋಗುತ್ತದೆ. ಬೊಲೆರೊಗೆ ಸರಿ ಇದ್ದದ್ದು ಟ್ರ್ಯಾಕ್ಟರ್‌ಗೂ ಸರಿ ಇರುತ್ತದೆ ಅಂದುಕೊಳ್ಳಬೇಡಿ.

ಎಂಜಿನ್ ಮತ್ತು ಬೂಚು

ಎಂಜಿನ್ ಸ್ಟಾರ್ಟ್ ಆಗದಿದ್ದರೆ ಹಗ್ಗ ಎಳೆದು ಎಳೆದು ರಟ್ಟೆ ನೋಯಿಸಿಕೊಳ್ಳಬೇಡಿ. ಎಂಜಿನ್ ಆಫ್ ಮಾಡುವ ಸ್ವಿಚ್ಚಿನಲ್ಲಿ ಅದರ ಕೆಂಪು ಕ್ಲಿಪ್ಪು ಸಿಕ್ಕಿಸಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಬಿಚ್ಚಿದೆಯಾ, ಈ ಮೂರು ಮೊದಲು. ಸ್ಟಾರ್ಟ್ ಆಗಿ, ಹಿಂದೆ ಸಣ್ಣಗೆ ಚಿಮ್ಮುವ ನೀರು ಕಾಣದಿದ್ದರೆ ತಕ್ಷಣ ಆಫ್ ಮಾಡಿ. ನೀರು ಹೀರುವ ಜಾಲರಿಗೆ ಜೊಂಡು, ಅಂತರಗಂಗೆ ಬೇರು ಸುತ್ತಿರುತ್ತದೆ. ಬಿಡಿಸಿದ ಮೇಲೂ ಬರದಿದ್ದರೆ ಚಿಮ್ಮುವ ತೂತಿಗೆ ತೆಳು ತಂತಿ ಆಡಿಸಿ ನೋಡಿ. ಆಗಲೂ ಇಲ್ಲ ಅಂದರೆ ಒಳಗಿನ ರಬ್ಬರ್ ಪಂಪು ಹೋಗಿದೆ, ಅವತ್ತಿನ ಸವಾರಿ ಅಲ್ಲಿಗೆ ಮುಗೀತು.

ದೋಣಿಯೊಳಗೆ ನೀರು ಏರುತ್ತಿದ್ದರೆ ಬಿರುಕು ಹುಡುಕುವ ಮೊದಲು ಹಿಂಭಾಗದಲ್ಲಿ ನೀರು ಬಿಡುವ ತೂತಿನ ಬೂಚು ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದು ಮನೆಯ ಕಿಟಕಿಯ ಮೇಲೇ ಇರುತ್ತದೆ. ಟ್ರೇಲರ್‌ನಿಂದ ದೋಣಿ ಬಿಟ್ಟಿಲ್ಲದಿದ್ದರೆ ಹಾಗೇ ಮೇಲಕ್ಕೆ ಎಳೆಯಿರಿ, ನೀರು ತಾನೇ ಸುರಿದು ಹೋಗುತ್ತದೆ. ಬಿಟ್ಟಾಗಿದ್ದರೆ ಬಟ್ಟೆ ಉಂಡೆ ಮಾಡಿ ಒಳಗಿನಿಂದ ತುರುಕಿ ದಡಕ್ಕೆ ಬನ್ನಿ. ನಮ್ಮ ಬೂಚನ್ನು ಈಗ ಬೊಲೆರೊ ಕೀ ಗೊಂಚಲಿಗೇ ಕಟ್ಟಿದ್ದೇವೆ. ಬೂಚು ಹಾಕಬೇಕಾದರೆ ಕೀ ತೆಗೆಯಬೇಕು. ಕೀ ತೆಗೆದರೆ ಗಾಡಿ ಆಫ್, ಆ 20 ನಿಮಿಷದ ಕಾಫಿಯೂ ತಪ್ಪುವುದಿಲ್ಲ.